ಹಳೆಯ ಲ್ಯಾಪ್‌ಟಾಪ್‌ಗೆ ಹೊಂದುವ ರ‍್ಯಾಮ್ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪ್ ನಿಧಾನವಾಯಿತು ಅಂದ ಕೂಡಲೇ "ರ‍್ಯಾಮ್ ಜಾಸ್ತಿ ಮಾಡಿ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಲ್ಯಾಪ್‌ಟಾಪ್ ಬಳಸುವ ತಾತ್ಕಾಲಿಕ ಮೆಮೊರಿ. ಯಾವ ರ‍್ಯಾಮ್ ಅಂತ ಮಾತ್ರ ಹೇಳುವುದಿಲ್ಲ. ಸಿಕ್ಕಿದ್ದನ್ನು ತಂದು, ಸ್ಕ್ರೂ ಬಿಚ್ಚಿ, ಹಾಕಿ, ಕಪ್ಪು ಪರದೆ ನೋಡುತ್ತಾ ಕೂತವರು ಕೇಳಿದ ಪ್ರಶ್ನೆಗಳೇ ಇಲ್ಲಿ ಹೆಚ್ಚು. ಹಾಗೆ ಕೂತವರಲ್ಲಿ ನಾನೂ ಇದ್ದೇನೆ.

## ಕೊಳ್ಳುವ ಮುಂಚೆ

ನನ್ನ ಲ್ಯಾಪ್‌ಟಾಪ್ ತುಂಬಾ ಸ್ಲೋ. ರ‍್ಯಾಮ್ ಹಾಕಿದರೆ ಸರಿಹೋಗುತ್ತಾ?

ಹೋಗಬಹುದು, ಹೋಗದೆಯೂ ಇರಬಹುದು. ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಮೆಮೊರಿ 85-90 ಶೇಕಡಾ ದಾಟಿ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ ಅರ್ಧ ಖಾಲಿ ಇದ್ದು, ಡಿಸ್ಕ್ ಮಾತ್ರ 100ರಲ್ಲಿ ಕೂತಿದ್ದರೆ ತಪ್ಪು ಹಳೆಯ ಹಾರ್ಡ್ ಡಿಸ್ಕ್‌ನದು. ಅಂಥ ಲ್ಯಾಪ್‌ಟಾಪ್‌ಗೆ ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಹಾಕಿ, ರ‍್ಯಾಮ್ ಆಮೇಲೆ ನೋಡೋಣ.

ನನ್ನ ಲೆಕ್ಕ ಇಷ್ಟು: 4 ಜಿಬಿಯಿಂದ 8ಕ್ಕೆ ಹೋದರೆ ಯಾರಿಗಾದರೂ ವ್ಯತ್ಯಾಸ ಕಾಣುತ್ತದೆ. 8ರಿಂದ 16ಕ್ಕೆ ಹೋದರೆ, ಬ್ರೌಸರ್‌ನಲ್ಲಿ ಇಪ್ಪತ್ತು ಮೂವತ್ತು ಟ್ಯಾಬ್ ತೆರೆದಿಡುವವರಿಗೆ, ಫೋಟೋ ವಿಡಿಯೋ ಕೆಲಸದವರಿಗೆ ಕಾಣುತ್ತದೆ. ಉಳಿದವರಿಗೆ ಸುಮ್ನೆ ಖರ್ಚು.

ನನ್ನದಕ್ಕೆ ಯಾವ ರ‍್ಯಾಮ್ ಬೇಕು ಅಂತ ಗೊತ್ತಾಗೋದು ಹೇಗೆ?

ಹಿಂದಿನ ಮುಚ್ಚಳ ಬಿಚ್ಚಿ ಈಗಿರುವ ಸ್ಟಿಕ್‌ನ (ರ‍್ಯಾಮ್ ಚಿಪ್‌ಗಳಿರುವ ಸಣ್ಣ ಪಟ್ಟಿ) ಲೇಬಲ್ ನೋಡಿ. ಇದಕ್ಕಿಂತ ನಂಬಿಕೆಯ ದಾರಿ ನನಗೆ ಗೊತ್ತಿಲ್ಲ. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹೇಳಿ ರ‍್ಯಾಮ್ ತಂದವರು ಮೋಸ ಹೋಗಿದ್ದುಂಟು. ಒಂದೇ ಹೆಸರಿನಲ್ಲಿ ಎರಡು ಮೂರು ವರ್ಷ ಬೇರೆ ಬೇರೆ ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ಬಂದಿರುತ್ತದೆ.

ಬಿಚ್ಚಲು ಮನಸ್ಸಿಲ್ಲದಿದ್ದರೆ ಸಾಫ್ಟ್‌ವೇರ್ ಇದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿದರೆ ವೇಗ, ಒಟ್ಟು ಸ್ಲಾಟ್ (ಸ್ಟಿಕ್ ಕೂರುವ ಜಾಗ) ಎಷ್ಟು, ತುಂಬಿರುವುದೆಷ್ಟು ಎಲ್ಲಾ ಬರುತ್ತದೆ. ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ಒಂದೊಂದು ಸ್ಲಾಟ್‌ನ ವಿವರವನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ಲಿನಕ್ಸ್‌ನವರಿಗೆ ಡಿಎಂಐಡೀಕೋಡ್ ಅನ್ನುವ ಕಮಾಂಡ್ ಇದೆ. ಆದರೆ ಡಿಎಂಐಡೀಕೋಡ್ ಹೇಳುವ "ಗರಿಷ್ಠ ಸಾಮರ್ಥ್ಯ"ವನ್ನು ಪೂರ್ತಿ ನಂಬಬೇಡಿ. ಅದು ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಯಾರೋ ಬರೆದಿಟ್ಟ ಅಂಕಿ. ಎಷ್ಟೋ ಸಲ ತಪ್ಪಿರುತ್ತದೆ.

ಲೇಬಲ್ ಮೇಲೆ ಬರೆದಿರೋದು ಒಂದೂ ಅರ್ಥ ಆಗಲ್ಲ. ಹೇಗೆ ಓದೋದು?

ನನ್ನ ಮೇಜಿನ ಮೇಲೆ ಈಗ ಒಂದು ಸ್ಟಿಕ್ ಇದೆ. ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೀಗಿದೆ: 8ಜಿಬಿ 2ಆರ್‌ಎಕ್ಸ್8 ಪಿಸಿ3ಎಲ್-12800ಎಸ್. ಎಡದಿಂದಲೇ ಬಿಡಿಸೋಣ.

8ಜಿಬಿ ಅಂದರೆ ಅಳತೆ, ಅದು ಗೊತ್ತೇ ಇದೆ. 2ಆರ್ ಅಂದರೆ ಎರಡು ರ‍್ಯಾಂಕ್, ಅಂದರೆ ಚಿಪ್‌ಗಳ ಎರಡು ತಂಡ. ಎಕ್ಸ್8 ಅಂದರೆ ಒಂದೊಂದು ಚಿಪ್ ಒಂದು ಸಲಕ್ಕೆ 8 ಬಿಟ್ ಕೊಡುತ್ತದೆ. ಒಂದು ತಂಡ 64 ಬಿಟ್ ಕೊಡಬೇಕು, ಹಾಗಾಗಿ ತಂಡಕ್ಕೆ 8 ಚಿಪ್. ಎರಡು ತಂಡಕ್ಕೆ 16. ಸ್ಟಿಕ್ ತಿರುಗಿಸಿ ಎಣಿಸಿದೆ, ಆ ಕಡೆ 8, ಈ ಕಡೆ 8. ಸರಿಯಾಗಿದೆ.

ಪಿಸಿ3 ಅಂದರೆ ಡಿಡಿಆರ್3, ಅಂದರೆ ಡಿಡಿಆರ್ ಎಂಬ ರ‍್ಯಾಮ್ ಬಗೆಯ ಮೂರನೇ ತಲೆಮಾರು. ಪಿಸಿ4 ಇದ್ದರೆ ಡಿಡಿಆರ್4. ಪಕ್ಕದ ಎಲ್ ಕಡಿಮೆ ವೋಲ್ಟೇಜ್‌ನ ಗುರುತು. ಈ ಒಂದು ಅಕ್ಷರದ ಕಥೆ ಮುಂದೆ ಬರುತ್ತದೆ. 12800 ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬೈಟ್ ಸಾಗಿಸಬಲ್ಲದು ಅಂತ. ಇದನ್ನು 8ರಿಂದ ಭಾಗಿಸಿದರೆ 1600, ಅಂಗಡಿಯವರು ಹೇಳುವ ಸ್ಪೀಡ್ ಅದೇ. ಹಾಗೇ 10600 ಅಂದರೆ 1333, 19200 ಅಂದರೆ 2400, 21300 ಅಂದರೆ 2666, 25600 ಅಂದರೆ 3200. ಕೊನೆಯ ಎಸ್ ಲ್ಯಾಪ್‌ಟಾಪ್‌ನ ಸಣ್ಣ ಸ್ಟಿಕ್, ಅಂದರೆ ಸೋಡಿಮ್, ಅನ್ನುವುದಕ್ಕೆ.

ಮೊಬೈಲ್‌ನಲ್ಲಿ ಲೇಬಲ್‌ನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಬಾಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ.

ಡಿಡಿಆರ್3 ಸ್ಲಾಟ್‌ಗೆ ಡಿಡಿಆರ್4 ಹಾಕಬಹುದಾ? ಹೊಸದು ಒಳ್ಳೇದಲ್ವಾ?

ಆಗಲ್ಲ. ಲ್ಯಾಪ್‌ಟಾಪ್‌ನ ಡಿಡಿಆರ್3 ಸ್ಟಿಕ್‌ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ಕೆಳಗಿನ ಅಂಚಿನಲ್ಲಿರುವ ಕಚ್ಚಿನ ಜಾಗವೂ ಬೇರೆ. ಕೂರದಿದ್ದರೆ ಅದು ನಿಮ್ಮದಲ್ಲ ಅಂತಲೇ ಅರ್ಥ. ಬಲ ಹಾಕಿ ಒತ್ತಬೇಡಿ, ಸ್ಲಾಟ್ ಹೋದರೆ ಬೋರ್ಡೇ ಹೋದ ಹಾಗೆ. ತೀರಾ ಹಳೆಯ ಡಿಡಿಆರ್ ಮತ್ತು ಡಿಡಿಆರ್2 ಎರಡಕ್ಕೂ 200 ಪಿನ್ನೇ ಇದ್ದು, ಕಚ್ಚು ಕೂದಲೆಳೆಯಷ್ಟು ಆಚೀಚೆ. ಅಲ್ಲಿ ಕಣ್ಣಳತೆ ಬೇಡ, ಲೇಬಲ್ ಓದಿ.

ಡೆಸ್ಕ್‌ಟಾಪ್‌ನ ರ‍್ಯಾಮ್ ಸುಮ್ನೆ ಬಿದ್ದಿದೆ. ಅದನ್ನೇ ಹಾಕಲಾ?

ಅದು 13 ಸೆಂಟಿಮೀಟರ್ ಉದ್ದ, ಲ್ಯಾಪ್‌ಟಾಪ್‌ನದು ಹತ್ತಿರ ಹತ್ತಿರ 7. ಒಳಗೇ ಹೋಗುವುದಿಲ್ಲ. ಆದರೆ ಕೆಟ್ಟು ಕೂತ ಆಲ್-ಇನ್-ಒನ್ ಅಥವಾ ಅಂಗೈ ಅಗಲದ ಮಿನಿ ಪಿಸಿ ಇದ್ದರೆ ಬಿಚ್ಚಿ ನೋಡಿ. ಅವುಗಳಲ್ಲಿ ಬಹಳಷ್ಟಕ್ಕೆ ಲ್ಯಾಪ್‌ಟಾಪ್‌ನ ಸ್ಟಿಕ್ಕೇ ಇರುತ್ತದೆ.

ನನ್ನ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕೋಕೇ ಆಗಲ್ಲ ಅಂದರು. ನಿಜಾನಾ?

ನಿಜ ಇರಬಹುದು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಚಿಪ್‌ಗಳನ್ನು ಬೋರ್ಡ್‌ಗೇ ಬೆಸೆದುಬಿಟ್ಟಿರುತ್ತಾರೆ. ಮ್ಯಾಕ್‌ಬುಕ್ ಏರ್ ಮೊದಲಿಂದಲೂ ಹೀಗೆಯೇ. ಮ್ಯಾಕ್‌ಬುಕ್ ಪ್ರೊದಲ್ಲಿ 2012ರ ರೆಟಿನಾ ಮಾಡೆಲ್‌ನಿಂದ ಹೀಗಾಯಿತು. ವಿವರದಲ್ಲಿ ಎಲ್‌ಪಿಡಿಡಿಆರ್ ಅಂತ ಕಂಡರೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದು ಬೆಸುಗೆಯ ರ‍್ಯಾಮೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಫಾರ್ಮ್ ಫ್ಯಾಕ್ಟರ್ ಎದುರಿಗೆ "ಸೋಡಿಮ್" ಬದಲು "ರೋ ಆಫ್ ಚಿಪ್ಸ್" ಅಂತಿದ್ದರೂ ಅದೇ ಅರ್ಥ.

ಪೂರ್ತಿ ನಿರಾಶೆ ಬೇಡ. ಸ್ವಲ್ಪ ಬೆಸೆದು, ಜೊತೆಗೆ ಒಂದು ಸ್ಲಾಟ್ ಖಾಲಿ ಬಿಟ್ಟ ಮಾಡೆಲ್‌ಗಳೂ ತುಂಬಾ ಇವೆ. ಇನ್ನು ಕೆಲವದರಲ್ಲಿ ಒಂದು ಸ್ಲಾಟ್ ಹಿಂದೆ ಕಾಣುತ್ತದೆ, ಇನ್ನೊಂದು ಕೀಬೋರ್ಡ್ ಕೆಳಗೆ ಅಡಗಿರುತ್ತದೆ. ತಯಾರಕರ ಸರ್ವಿಸ್ ಮ್ಯಾನ್ಯುವಲ್ ಸಿಕ್ಕರೆ ಇದೆಲ್ಲಾ ಚಿತ್ರ ಸಮೇತ ಇರುತ್ತದೆ.

## ಆರಿಸುವಾಗ

ಡಿಡಿಆರ್3, ಡಿಡಿಆರ್3ಎಲ್ ಎರಡೂ ಒಂದೇ ಅಲ್ವಾ? ಎರಡೂ ಕೂರುತ್ತಲ್ಲ?

ಕೂರುತ್ತದೆ. ತೊಂದರೆ ಇರುವುದೇ ಅಲ್ಲಿ. ಪಿನ್ ಅಷ್ಟೇ, ಕಚ್ಚು ಅಲ್ಲೇ. ಕಣ್ಣಿಗೆ ಒಂದು ವ್ಯತ್ಯಾಸವೂ ಕಾಣುವುದಿಲ್ಲ. ಡಿಡಿಆರ್3 ಕೇಳುವುದು 1.5 ವೋಲ್ಟ್. ಡಿಡಿಆರ್3ಎಲ್ 1.35 ವೋಲ್ಟ್‌ನಲ್ಲೂ ನಡೆಯುತ್ತದೆ, 1.5ರಲ್ಲೂ ನಡೆಯುತ್ತದೆ. ಅಂದರೆ ಎಲ್ ಇರುವುದು ಎರಡೂ ಕಡೆ ಸಲ್ಲುತ್ತದೆ, ಎಲ್ ಇಲ್ಲದ್ದು ಒಂದೇ ಕಡೆ.

ನಾನು ಕಲಿತದ್ದು ಪೆಟ್ಟು ತಿಂದೇ. ಇಂಟೆಲ್‌ನ 2ನೇ ತಲೆಮಾರಿನ ಪ್ರೊಸೆಸರ್ ಇದ್ದ ಹಳೆಯ ಲ್ಯಾಪ್‌ಟಾಪ್ ಒಂದು ಸತ್ತಿತ್ತು. ಅದರಿಂದ 4 ಜಿಬಿ ಸ್ಟಿಕ್ ಕಿತ್ತು, 4ನೇ ತಲೆಮಾರಿನ ಲ್ಯಾಪ್‌ಟಾಪ್‌ನ ಖಾಲಿ ಸ್ಲಾಟ್‌ಗೆ ಹಾಕಿದೆ. ಟಕ್ ಅಂತ ಚೆನ್ನಾಗಿಯೇ ಕೂತಿತು. ಬಟನ್ ಒತ್ತಿದೆ. ಲೈಟ್ ಹತ್ತಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ತೆಗೆದೆ, ಹಾಕಿದೆ, ಸ್ಲಾಟ್ ಬದಲಿಸಿದೆ. ಬೋರ್ಡೇ ಸುಟ್ಟಿತು ಅಂತ ಒಂದು ಗಂಟೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಕೊನೆಗೆ ಎರಡೂ ಸ್ಟಿಕ್ ಅಕ್ಕಪಕ್ಕ ಇಟ್ಟು ಲೇಬಲ್ ನೋಡಿದರೆ, ಒಂದರಲ್ಲಿ ಪಿಸಿ3ಎಲ್, ಇನ್ನೊಂದರಲ್ಲಿ ಬರೀ ಪಿಸಿ3.

2013ರಲ್ಲಿ ಬಂದ 4ನೇ ತಲೆಮಾರಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ರ‍್ಯಾಮ್‌ಗೆ 1.35 ವೋಲ್ಟ್ ಮಾತ್ರ ಕೊಡುತ್ತವೆ. 1.5 ಬೇಡುವ ಸ್ಟಿಕ್‌ಗೆ ಅದು ಸಾಲದು. ಹಾಗಾಗಿ ಸಂಶಯ ಇದ್ದರೆ ಕಣ್ಣು ಮುಚ್ಚಿ ಡಿಡಿಆರ್3ಎಲ್ ತಗೊಳ್ಳಿ.

6ನೇ ತಲೆಮಾರಿನ ಐ5 ಇದೆ. ಡಿಡಿಆರ್4 ತಂದರೆ ಕೂರುತ್ತಿಲ್ಲ!

2015ರಲ್ಲಿ ಬಂದ ಇಂಟೆಲ್ 6ನೇ ತಲೆಮಾರು ಡಿಡಿಆರ್4 ಮತ್ತು ಡಿಡಿಆರ್3ಎಲ್ ಎರಡನ್ನೂ ಒಪ್ಪುತ್ತದೆ. ಯಾವುದರ ಸ್ಲಾಟ್ ಇಡಬೇಕು ಅನ್ನುವುದು ಲ್ಯಾಪ್‌ಟಾಪ್ ಮಾಡಿದವರಿಗೆ ಬಿಟ್ಟ ವಿಷಯ. ಹಳೆಯ ಸ್ಟಾಕ್ ಖಾಲಿ ಮಾಡಲೋ ಏನೋ, ಹಲವರು ಡಿಡಿಆರ್3ಎಲ್ ಇಟ್ಟರು. ಅದಕ್ಕೇ ಪ್ರೊಸೆಸರ್ ಹೆಸರು ನೋಡಿ ರ‍್ಯಾಮ್ ತರಬಾರದು.

ಕಂಪನಿ ಗರಿಷ್ಠ 8 ಜಿಬಿ ಅಂತ ಬರೆದಿದೆ. 16 ಹಾಕಿದರೆ ಏನಾಗುತ್ತೆ?

ಕೆಡುವುದಂತೂ ಇಲ್ಲ. ಒಂದೋ ನಡೆಯುತ್ತದೆ, ಇಲ್ಲವೋ ಆನ್ ಆಗುವುದಿಲ್ಲ. ಕಂಪನಿ ಬರೆಯುವ ಅಂಕಿ ಎಷ್ಟೋ ಸಲ ಆ ವರ್ಷ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ದೊಡ್ಡ ಸ್ಟಿಕ್‌ನ ಲೆಕ್ಕ. ನಿಜವಾದ ಮಿತಿ ಇರುವುದು ಪ್ರೊಸೆಸರ್‌ನಲ್ಲಿ. ಇನ್ನೂ ಹಳೆಯದಾದರೆ ಚಿಪ್‌ಸೆಟ್‌ನಲ್ಲಿ (ಬೋರ್ಡ್ ಮೇಲೆ ಪ್ರೊಸೆಸರ್‌ಗೆ ಜೊತೆಯಾಗಿರುವ ಚಿಪ್). ಇಂಟೆಲ್ ಪ್ರೊಸೆಸರ್ ಆದರೆ ಅದರ ಪೂರ್ತಿ ಸಂಖ್ಯೆ ಹಾಕಿ ಇಂಟೆಲ್ ತಾಣದಲ್ಲಿ ಹುಡುಕಿದರೆ ಗರಿಷ್ಠ ಮೆಮೊರಿ ಎಷ್ಟು ಅಂತ ಸಿಗುತ್ತದೆ. ಉದಾಹರಣೆಗೆ 2ನೇ ತಲೆಮಾರಿನ ಎರಡು ಕೋರ್ ಐ5 ಲ್ಯಾಪ್‌ಟಾಪ್‌ಗಳು 8 ಅಂತ ಬರೆದುಕೊಂಡು ಬಂದಿದ್ದರೂ 8+8 ಹಾಕಿದರೆ 16ನ್ನು ಆರಾಮಾಗಿ ತೋರಿಸಿದ್ದುಂಟು.

ಉಲ್ಟಾ ಉದಾಹರಣೆಯೂ ಇದೆ. ಕೋರ್ 2 ಡ್ಯುಯೊ ಕಾಲದ ಇಂಟೆಲ್ 945 ಚಿಪ್‌ಸೆಟ್‌ನ ಲ್ಯಾಪ್‌ಟಾಪ್‌ಗೆ 2+2 ಹಾಕಿದರೂ ಕೈಗೆ ಸಿಗುವುದು 3 ಜಿಬಿ ಚಿಲ್ಲರೆ. 64-ಬಿಟ್ ವಿಂಡೋಸ್ ಹಾಕಿದರೂ ಅಷ್ಟೇ. ಅದರ ವಿಳಾಸದ ಲೆಕ್ಕವೇ 4 ಜಿಬಿಗೆ ಮುಗಿಯುತ್ತದೆ, ಅದರಲ್ಲೇ ಉಳಿದ ಹಾರ್ಡ್‌ವೇರ್‌ಗೂ ಪಾಲು ಹೋಗಬೇಕು.

ಒಂದೇ 16 ಜಿಬಿ ಸ್ಟಿಕ್ ಡಿಡಿಆರ್3ಎಲ್‌ನಲ್ಲಿ ಸಿಗುತ್ತಂತೆ. ತಗೊಳ್ಳಲಾ?

ಸಿಗುತ್ತದೆ, ಆದರೆ ಇಂಟೆಲ್ 5ನೇ ತಲೆಮಾರಿಗಿಂತ ಹಳೆಯ ಲ್ಯಾಪ್‌ಟಾಪ್ ಇದ್ದರೆ ಬೇಡ. ಆ ಸ್ಟಿಕ್‌ನ ಒಂದೊಂದು ಚಿಪ್ 8 ಗಿಗಾಬಿಟ್‌ನದು, ಅಂದರೆ 1 ಜಿಬಿಯದು. 4ನೇ ತಲೆಮಾರಿನವರೆಗಿನ ಇಂಟೆಲ್ ಪ್ರೊಸೆಸರ್‌ಗಳಿಗೆ ಅಷ್ಟು ದೊಡ್ಡ ಚಿಪ್ ಓದಲು ಬರುವುದಿಲ್ಲ. ಅವುಗಳಿಗೆ ಸ್ಲಾಟ್‌ಗೆ 8 ಜಿಬಿಯೇ ಕೊನೆ.

ಜಾಸ್ತಿ ಸ್ಪೀಡ್‌ನ ರ‍್ಯಾಮ್ ಹಾಕಿದರೆ ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತಾ?

ಇಲ್ಲ. 2400ಕ್ಕೆ ನಿಲ್ಲುವ ಲ್ಯಾಪ್‌ಟಾಪ್‌ಗೆ 3200ರ ಸ್ಟಿಕ್ ಹಾಕಿದರೆ ಅದು 2400ರಲ್ಲೇ ಓಡುತ್ತದೆ. ಎರಡು ಬೇರೆ ವೇಗದ ಸ್ಟಿಕ್ ಇದ್ದರೆ ನಿಧಾನದ್ದರ ಹೆಜ್ಜೆಗೇ ಇನ್ನೊಂದೂ ಬರುತ್ತದೆ. ತಲೆಮಾರು, ವೋಲ್ಟೇಜ್, ಅಳತೆ ಸರಿ ಇದ್ದರೆ ವೇಗಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಯಾವುದು ಸುಲಭವಾಗಿ ಸಿಗುತ್ತದೋ ಅದನ್ನು ತನ್ನಿ. ಆಟದವರಿಗೆಂದು ಮಾರುವ ಎಕ್ಸ್‌ಎಂಪಿ ಸ್ಟಿಕ್‌ಗಳನ್ನು ಮಾತ್ರ ಬಿಟ್ಟುಬಿಡಿ. ಅವುಗಳ ಡಬ್ಬಿ ಮೇಲಿನ ವೇಗ ಪಡೆಯಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಬೇಕು, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಆ ಆಯ್ಕೆಯೇ ಇರುವುದಿಲ್ಲ.

ಹಳೇ 4 ಜಿಬಿ ಇಟ್ಟುಕೊಂಡೇ ಪಕ್ಕದಲ್ಲಿ 8 ಹಾಕಬಹುದಾ?

ಧಾರಾಳವಾಗಿ. ಎರಡು ಸ್ಟಿಕ್ ಸಮ ಇದ್ದರೆ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೆ ಓದುತ್ತದೆ, ಡ್ಯುಯಲ್ ಚಾನೆಲ್ ಅನ್ನುವುದು ಅದಕ್ಕೇ. 4+8 ಆದಾಗ ಇಂಟೆಲ್ ಲ್ಯಾಪ್‌ಟಾಪ್‌ಗಳು ಎರಡು ಕಡೆಯಿಂದ 4+4 ಅನ್ನು ಜೋಡಿಯಾಗಿ ಓಡಿಸಿ, ಉಳಿದ 4ನ್ನು ಒಂಟಿಯಾಗಿ ಓಡಿಸುತ್ತವೆ. ಬರೀ ಒಂದು 8 ಜಿಬಿ ಸ್ಟಿಕ್‌ಗಿಂತ ಇದು ಎಷ್ಟೋ ವಾಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಎರಡನೇ ಸ್ಲಾಟ್ ತುಂಬಿದರೆ ಲಾಭ ಇನ್ನೂ ಜಾಸ್ತಿ. ಯಾಕೆಂದರೆ ಅದರ ಗ್ರಾಫಿಕ್ಸ್ ಬಳಸುವುದೂ ಇದೇ ರ‍್ಯಾಮನ್ನು.

ಎರಡೂ ಒಂದೇ ಕಂಪನಿಯದ್ದೇ ಆಗಬೇಕಾ?

ಬೇಕಿಲ್ಲ. ಲೇಬಲ್ ಯಾರದ್ದೇ ಇರಲಿ, ಒಳಗಿನ ಚಿಪ್ ಹೆಚ್ಚಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರಲ್ಲಿ ಒಬ್ಬರದ್ದು.

ಬೇರೆಯವರು ಬಳಸಿದ ರ‍್ಯಾಮ್ ತಗೋಬಹುದಾ?

ನಾನಂತೂ ಹಳೆಯ ಲ್ಯಾಪ್‌ಟಾಪ್‌ಗೆ ಅದನ್ನೇ ಹುಡುಕುತ್ತೇನೆ. ಎಸ್‌ಎಸ್‌ಡಿ ಬರೆದಂತೆಲ್ಲಾ ಸವೆಯುತ್ತದೆ, ರ‍್ಯಾಮ್ ಹಾಗೆ ಸವೆಯುವುದಿಲ್ಲ. ಲೇಬಲ್ ಹರಿದಿರಬಾರದು, ಚಿನ್ನದ ಬಣ್ಣದ ಪಿನ್‌ಗಳ ಮೇಲೆ ಗೀರು, ಕಪ್ಪು ಕಲೆ ಇರಬಾರದು. ಪರೀಕ್ಷೆ ಮಾಡಿ ಸರಿ ಇಲ್ಲದಿದ್ದರೆ ವಾಪಸ್ ತಗೋತೀರಾ ಅಂತ ಮೊದಲೇ ಕೇಳಿಬಿಡಿ.

## ಹಾಕುವಾಗ, ಹಾಕಿದ ಮೇಲೆ

ನಾನೇ ಹಾಕಬಹುದಾ, ರಿಪೇರಿಯವರೇ ಬೇಕಾ?

ರ‍್ಯಾಮ್‌ಗೇ ಬೇರೆ ಸಣ್ಣ ಮುಚ್ಚಳ ಇದ್ದರೆ ಹತ್ತು ನಿಮಿಷದ ಕೆಲಸ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಿರಿ. ಬ್ಯಾಟರಿ ಒಳಗೇ ಇದ್ದರೆ ಅದರ ಕನೆಕ್ಟರ್ ಬಿಡಿಸಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟೂ ಖಾಲಿಯಾಗುತ್ತದೆ. ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲು ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ.

ಸ್ಲಾಟ್‌ನ ಎರಡೂ ಬದಿಯ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ಹಳೆಯ ಸ್ಟಿಕ್ ತಾನಾಗಿ ಮೇಲೇಳುತ್ತದೆ. ಹೊಸದನ್ನು ಅಂಚಿನಲ್ಲಿ ಹಿಡಿದು, ಓರೆಯಾಗಿ, ಕಚ್ಚು ನೋಡಿಕೊಂಡು ಒಳಗೆ ತಳ್ಳಿ. ಪಿನ್‌ಗಳ ಹೊಳಪು ಬಹುಪಾಲು ಮರೆಯಾಗಬೇಕು. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಕೊಕ್ಕೆ ಟಕ್ ಅನ್ನುತ್ತವೆ. ತಪ್ಪು ಆಗುವುದು ಇಲ್ಲೇ. ಪೂರ್ತಿ ಒಳಗೆ ಹೋಗುವ ಮುಂಚೆಯೇ ಕೆಳಕ್ಕೆ ಒತ್ತಿಬಿಡುತ್ತಾರೆ.

ಇಡೀ ತಳವನ್ನೇ ಬಿಚ್ಚಬೇಕಾದ ಮಾಡೆಲ್ ಆದರೆ, ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಅಡಗಿರುತ್ತದೆ. ಧೈರ್ಯ ಇಲ್ಲದಿದ್ದರೆ ಬಿಟ್ಟು ರಿಪೇರಿಯವರಿಗೇ ಕೊಡಿ, ಅದರಲ್ಲಿ ಅವಮಾನ ಏನಿಲ್ಲ.

ಹಾಕಿದೆ, ಪರದೆ ಕಪ್ಪು. ಸುಟ್ಟುಹೋಯ್ತಾ?

ಬಹುಶಃ ಇಲ್ಲ. ಮೊದಲು ಎರಡು ಮೂರು ನಿಮಿಷ ಕಾಯಿರಿ. ಹೊಸ ರ‍್ಯಾಮ್ ಕಂಡಾಗ ಕೆಲವು ಲ್ಯಾಪ್‌ಟಾಪ್ ಅದರ ಜೊತೆ ಹೊಂದಿಕೊಳ್ಳಲು ಹೊತ್ತು ತಗೊಳ್ಳುತ್ತವೆ, ತಾವೇ ಒಂದೆರಡು ಸಲ ರೀಸ್ಟಾರ್ಟ್ ಕೂಡ ಆಗುತ್ತವೆ. ಆಗಲೂ ಬರದಿದ್ದರೆ ಆಫ್ ಮಾಡಿ, ಸ್ಟಿಕ್ ತೆಗೆದು ಮತ್ತೆ ಕೂರಿಸಿ. ಆಮೇಲೆ ಹೊಸದೊಂದನ್ನೇ ಹಾಕಿ ನೋಡಿ, ನಂತರ ಇನ್ನೊಂದು ಸ್ಲಾಟ್‌ನಲ್ಲಿ ನೋಡಿ. ಹಳೆಯದು ಎರಡೂ ಸ್ಲಾಟ್‌ನಲ್ಲಿ ನಡೆದು, ಹೊಸದು ಎಲ್ಲೂ ನಡೆಯದಿದ್ದರೆ ಸ್ಟಿಕ್ ಹೊಂದುತ್ತಿಲ್ಲ ಅಥವಾ ಕೆಟ್ಟಿದೆ. ಬೀಪ್ ಶಬ್ದ ಅಥವಾ ಕ್ಯಾಪ್ಸ್ ಲಾಕ್ ಲೈಟ್ ಮಿನುಗಿದರೆ ಎಷ್ಟು ಸಲ ಅಂತ ಎಣಿಸಿಕೊಳ್ಳಿ. ಅದರ ಅರ್ಥ ಮ್ಯಾನ್ಯುವಲ್‌ನಲ್ಲಿರುತ್ತದೆ.

8 ಜಿಬಿ ಹಾಕಿದೆ, 3.4 ಮಾತ್ರ ಬಳಸಬಹುದು ಅಂತ ತೋರಿಸುತ್ತೆ. ಉಳಿದದ್ದು ಎಲ್ಲಿ ಹೋಯ್ತು?

ನಿಮ್ಮ ವಿಂಡೋಸ್ 32-ಬಿಟ್‌ನದು. ಅದಕ್ಕೆ 4 ಜಿಬಿ ದಾಟಿ ಎಣಿಸಲು ಬರುವುದಿಲ್ಲ. 64-ಬಿಟ್ ಹೊಸದಾಗಿ ಹಾಕಬೇಕು, ಇರುವುದರ ಮೇಲೇ ಅಪ್‌ಗ್ರೇಡ್ ಮಾಡಲು ಬರಲ್ಲ. ಹಾಗಾಗಿ ಫೋಟೋ, ಕಡತ ಎಲ್ಲಾ ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಇನ್ನೂ ವಿಂಡೋಸ್ 7 ಇಟ್ಟುಕೊಂಡವರಿಗೆ ಒಂದು ಮಾತು: 64-ಬಿಟ್ ಆದರೂ ಹೋಮ್ ಬೇಸಿಕ್ 8 ಜಿಬಿಗೆ, ಹೋಮ್ ಪ್ರೀಮಿಯಂ 16ಕ್ಕೆ ನಿಲ್ಲುತ್ತದೆ.

8ರಲ್ಲಿ 7.8 ತೋರಿಸಿದರೆ ಅದು ದೋಷವಲ್ಲ. ಉಳಿದದ್ದನ್ನು ಗ್ರಾಫಿಕ್ಸ್ ಇಟ್ಟುಕೊಂಡಿದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಎರಡೂ 4 ಜಿಬಿ, ಎರಡೂ ಪಿಸಿ3. ನನ್ನ ಹಳೇ ಲ್ಯಾಪ್‌ಟಾಪ್ ಒಂದನ್ನು ಒಪ್ಪುತ್ತೆ, ಇನ್ನೊಂದನ್ನು ಒಪ್ಪಲ್ಲ. ಯಾಕೆ?

ಚಿಪ್ ಎಣಿಸಿ. ಒಪ್ಪಿದ್ದರಲ್ಲಿ 16 ಇರುತ್ತವೆ, ಒಪ್ಪದ್ದರಲ್ಲಿ 8. ಲೇಬಲ್‌ನಲ್ಲಿ ಮೊದಲನೆಯದು 2ಆರ್‌ಎಕ್ಸ್8, ಎರಡನೆಯದು 1ಆರ್‌ಎಕ್ಸ್8. 4 ಜಿಬಿಯನ್ನು 16 ಚಿಪ್‌ಗೆ ಹಂಚಿದರೆ ಒಂದೊಂದಕ್ಕೆ 2 ಗಿಗಾಬಿಟ್. 8ಕ್ಕೆ ಹಂಚಿದರೆ 4 ಗಿಗಾಬಿಟ್. ಡಿಡಿಆರ್3 ಬಳಸುವ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್‌ಗಳು, 2010ರಲ್ಲಿ ಬಂದ ಮೊದಲ ತಲೆಮಾರಿನ ಎರಡು ಕೋರ್ ಐ3, ಐ5ಗಳು 2 ಗಿಗಾಬಿಟ್ ಚಿಪ್‌ವರೆಗೆ ಮಾತ್ರ ಓದಬಲ್ಲವು. ಒಂದೋ ಆನ್ ಆಗುವುದಿಲ್ಲ, ಇಲ್ಲವೇ 4ರ ಬದಲು 2 ಜಿಬಿ ತೋರಿಸುತ್ತವೆ.

ಹೊಸ ಸ್ಟಿಕ್‌ಗಳಲ್ಲಿ ಚಿಪ್ ಕಡಿಮೆ, ದೊಡ್ಡದು. ಅದಕ್ಕೇ ಇಷ್ಟು ಹಳೆಯ ಲ್ಯಾಪ್‌ಟಾಪ್‌ಗೆ ಹೊಚ್ಚ ಹೊಸ ಸ್ಟಿಕ್‌ಗಿಂತ ಅದರ ಕಾಲದ್ದೇ ಹಳೆಯ ಸ್ಟಿಕ್ ಚೆನ್ನಾಗಿ ಹೊಂದುತ್ತದೆ. ಅಂಗಡಿಯಲ್ಲಿ "ಎರಡೂ ಕಡೆ ಚಿಪ್ ಇರುವ 16 ಚಿಪ್‌ನದು ಕೊಡಿ" ಅಂತ ಕೇಳಿ. ಗೊತ್ತಿರುವವರು ತಕ್ಷಣ ತೆಗೆದುಕೊಡುತ್ತಾರೆ.

ಸಿಎಲ್9, ಸಿಎಲ್11 ಅಂತಿದೆ. ಕಡಿಮೆ ಇದ್ದರೆ ಒಳ್ಳೇದಾ?

ಸಿಎಲ್ ಅಂದರೆ ಕೇಳಿದ ಮೇಲೆ ಡೇಟಾ ಕೊಡಲು ರ‍್ಯಾಮ್ ತಗೊಳ್ಳುವ ಗಡಿಯಾರದ ಹೆಜ್ಜೆಗಳ ಲೆಕ್ಕ. ವೇಗ ಒಂದೇ ಆಗಿದ್ದರೆ ಹೌದು. ಬೇರೆ ಬೇರೆ ಆಗಿದ್ದರೆ ಸಿಎಲ್ ಅಂಕಿ ಒಂದನ್ನೇ ನೋಡಿ ಪ್ರಯೋಜನವಿಲ್ಲ. 1333ರ ಸಿಎಲ್9 ಅಂದರೆ ಸುಮಾರು 13.5 ನ್ಯಾನೊಸೆಕೆಂಡ್, 1600ರ ಸಿಎಲ್11 ಅಂದರೆ 13.75. ಲ್ಯಾಪ್‌ಟಾಪ್‌ನಲ್ಲಿ ಇದು ಯಾರ ಅನುಭವಕ್ಕೂ ಬರುವುದಿಲ್ಲ.

ಇಸಿಸಿ ರ‍್ಯಾಮ್ ಕಡಿಮೆಗೆ ಸಿಗ್ತಿದೆ. ಹಾಕಲಾ?

ಬೇಡ. ಇಸಿಸಿ ಅಂದರೆ ತಪ್ಪು ಬಿಟ್ ಕಂಡು ಸರಿಪಡಿಸುವ, ಹೆಚ್ಚಾಗಿ ಸರ್ವರ್‌ಗಳಲ್ಲಿ ಬಳಸುವ ರ‍್ಯಾಮ್. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಅದು ಹೊಂದುವುದಿಲ್ಲ. ರ‍್ಯಾಂಕ್‌ಗೆ 8ರ ಬದಲು 9 ಚಿಪ್ ಕಂಡರೆ ಅದು ಇಸಿಸಿ.

ಚೆನ್ನಾಗೇ ನಡೀತಿದೆ. ಆದರೂ ಪರೀಕ್ಷೆ ಮಾಡಬೇಕಾ?

ಮಾಡಿ, ಅದರಲ್ಲೂ ಬಳಸಿದ ಸ್ಟಿಕ್ ಆದರೆ. ಮೆಮ್‌ಟೆಸ್ಟ್86+ ಉಚಿತ. ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ತೋರಿಸಿದರೂ ಆ ಸ್ಟಿಕ್ ವಾಪಸ್. "ಒಂದೇ ತಾನೇ" ಅನ್ನಬೇಡಿ. ಆ ಒಂದು ತಪ್ಪು ಬಿಟ್ ಎಂದೋ ನಿಮ್ಮ ಕಡತದೊಳಗೆ ಹೋಗಿ ಕೂರುತ್ತದೆ. ಎರಡು ಸ್ಟಿಕ್ ಬೇರೆ ಬೇರೆಯಾಗಿ ಪಾಸಾಗಿ, ಒಟ್ಟಿಗೆ ಹಾಕಿದಾಗ ಮಾತ್ರ ದೋಷ ಬಂದರೆ ಅವೆರಡಕ್ಕೆ ಪರಸ್ಪರ ಹೊಂದುತ್ತಿಲ್ಲ. ಸ್ಲಾಟ್ ಅದಲುಬದಲು ಮಾಡಿ ನೋಡಿ. ಆಗಲೂ ಬಂದರೆ ಜೋಡಿ ಬದಲಿಸುವುದೇ ದಾರಿ.

ರ‍್ಯಾಮ್ ಜಾಸ್ತಿ ಮಾಡಿದ ಮೇಲೆ ಸಿ ಡ್ರೈವ್‌ನಲ್ಲಿ ಜಾಗ ಕಡಿಮೆ ಆಯ್ತು. ಏನು ಸಂಬಂಧ?

ಸಂಬಂಧ ಇದೆ. ಹೈಬರ್ನೇಟ್ ಮಾಡಿದಾಗ ರ‍್ಯಾಮ್‌ನಲ್ಲಿರುವುದನ್ನು ಬರೆದಿಡಲು ವಿಂಡೋಸ್ ಡಿಸ್ಕ್‌ನಲ್ಲಿ ಮೊದಲೇ ಜಾಗ ಹಿಡಿದಿಡುತ್ತದೆ. ವಿಂಡೋಸ್ 10ರಲ್ಲಿ ಅದು ಸಾಮಾನ್ಯವಾಗಿ ರ‍್ಯಾಮ್‌ನ 40 ಶೇಕಡಾ. 4ರಿಂದ 16ಕ್ಕೆ ಹೋದರೆ ಸುಮಾರು 5 ಜಿಬಿ ಹಾಗೇ ಹೋಯಿತು. 120 ಜಿಬಿಯ ಸಣ್ಣ ಎಸ್‌ಎಸ್‌ಡಿ ಇದ್ದು, ಹೈಬರ್ನೇಟ್ ಬಳಸುವುದೇ ಇಲ್ಲ ಅಂದರೆ ಅದನ್ನು ಆಫ್ ಮಾಡಿ, ಜಾಗ ವಾಪಸ್ ಬರುತ್ತದೆ. ಆದರೆ ಅದರ ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಅದು ನೆನಪಿರಲಿ.